ಹಂತ ಹಂತವಾಗಿ ಏರುವ ಪವಿತ್ರ ಸ್ಮಾರಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಂತದ ಸ್ಮಾರಕ ಎಂದರೆ ಯಾವ ಯಾವ ಕಟ್ಟಡಗಳು?

ಹೊರಗಿನಿಂದ ಒಂದೇ ತೆರನಾಗಿ ಕಂಡರೂ ಒಳಗೆ ಪೂರ್ತಿ ಬೇರೆಯಾದ ಮೂರು ಬಗೆಯ ಕಟ್ಟಡಗಳನ್ನು ಈ ಹೆಸರಿನಿಂದ ಕರೆಯುತ್ತಾರೆ. ಮೊದಲನೆಯದು ಮಣ್ಣು, ಕಲ್ಲು, ಇಟ್ಟಿಗೆ ತುಂಬಿದ ಗಟ್ಟಿ ದಿಬ್ಬ: ಈಜಿಪ್ಟಿನ ಸಕ್ಕಾರ, ಇರಾಕಿನ ಉರ್, ಮೆಕ್ಸಿಕೊದ ಚಿಚೆನ್ ಇಟ್ಜಾ, ಜಾವಾದ ಬೊರೊಬುದುರ್. ಎರಡನೆಯದು ಒಳಗೆ ಟೊಳ್ಳಾಗಿದ್ದು, ಮೇಲೆ ಹೋದಂತೆ ಕಿರಿದಾಗುವ ಗೋಪುರ: ತಂಜಾವೂರಿನ ವಿಮಾನ (ಗರ್ಭಗುಡಿಯ ಮೇಲಿನ ಗೋಪುರ), ಚೀನಾ ಮತ್ತು ಜಪಾನಿನ ಪಗೋಡಗಳು. ಮೂರನೆಯದು ತೀರಾ ಎತ್ತರವಿಲ್ಲದ ಹಂತದ ವೇದಿಕೆ: ಬೀಜಿಂಗಿನ ಸ್ವರ್ಗ ದೇಗುಲದ ವೃತ್ತಾಕಾರದ ವೇದಿಯಂಥದು.

ಇಲ್ಲಿನ ಉತ್ತರಗಳಲ್ಲಿ ಮೊದಲ ಬಗೆಗೇ ಹೆಚ್ಚು ಜಾಗ ಸಿಕ್ಕಿದೆ. ಜನ ಕೇಳುವುದು ಅದರ ಬಗ್ಗೆಯೇ, ಕುಸಿದು ಬೀಳುವುದೂ ಹೆಚ್ಚಾಗಿ ಅದೇ. ಕೆಳಗೆ ‘ಹಂತ’ ಎಂದಾಗ ದಿಬ್ಬದ ಒಂದು ದೊಡ್ಡ ಕಟ್ಟೆ, ‘ಮೆಟ್ಟಿಲು’ ಎಂದಾಗ ಕಾಲಿಟ್ಟು ಹತ್ತುವ ಸೋಪಾನ ಎಂದು ತಿಳಿಯಿರಿ.

ಹಂತಗಳಾಗಿಯೇ ಏಕೆ ಕಟ್ಟಿದರು? ನೇರ ಗೋಡೆ ಎಬ್ಬಿಸಿ ಒಳಗೆ ತುಂಬಬಹುದಿತ್ತಲ್ಲ?

ತುಂಬಬಹುದು, ಆದರೆ ಗೋಡೆ ನಿಲ್ಲುವುದಿಲ್ಲ. ಒಣ ಮರಳು ಅಥವಾ ಸಡಿಲ ಮಣ್ಣನ್ನು ಸುರಿದರೆ ಅದು ಸುಮಾರು 30ರಿಂದ 35 ಡಿಗ್ರಿ ಇಳಿಜಾರಿನಲ್ಲಿ ತಾನಾಗಿ ನಿಲ್ಲುತ್ತದೆ. ಅದಕ್ಕಿಂತ ಕಡಿದಾಗಿ ನಿಲ್ಲಿಸಬೇಕಾದರೆ ತಡೆಗೋಡೆ ಬೇಕು. ತಡೆಗೋಡೆಯ ಲೆಕ್ಕದಲ್ಲಿ ಒಂದು ತೊಡಕಿದೆ: ಆಳ ಹೆಚ್ಚಿದಂತೆ ಮಣ್ಣಿನ ಒತ್ತಡವೂ ಹೆಚ್ಚುವುದರಿಂದ, ಗೋಡೆಯ ಮೇಲಿನ ಒಟ್ಟು ತಳ್ಳು ಎತ್ತರದ ವರ್ಗದಷ್ಟು ಏರುತ್ತದೆ. ಗೋಡೆ ಎರಡು ಪಟ್ಟು ಎತ್ತರವಾದರೆ ತಳ್ಳು ನಾಲ್ಕು ಪಟ್ಟು. 30 ಮೀಟರಿನ ಒಂದೇ ಗೋಡೆಯ ಬದಲು 6 ಮೀಟರಿನ ಐದು ಗೋಡೆಗಳನ್ನು ಒಂದರ ಹಿಂದೊಂದು ಸರಿಸಿ ಕಟ್ಟಿದರೆ, ಪ್ರತಿ ಗೋಡೆ ತಡೆಯಬೇಕಾದ ತಳ್ಳು ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇದು ಕಾಗದದ ಮೇಲಿನ ಲೆಕ್ಕ. ಮೇಲಿನ ಹಂತ ಸಾಕಷ್ಟು ಹಿಂದಕ್ಕೆ ಸರಿದಿದ್ದರೆ ಮಾತ್ರ ಅದರ ಭಾರ ಕೆಳಗಿನ ಗೋಡೆಗೆ ತಟ್ಟುವುದಿಲ್ಲ. ಕೆಳಗಿನ ಗೋಡೆಯ ಎತ್ತರದ ಎರಡು ಪಟ್ಟು ದೂರ ಬೇಕು ಎಂಬುದು ಇಂದಿನ ಎಂಜಿನಿಯರುಗಳ ಅಂದಾಜು ಸೂತ್ರ. ಪುರಾತನ ಸ್ಮಾರಕಗಳಲ್ಲಿ ಅಷ್ಟು ಅಗಲದ ಹಂತ ಅಪರೂಪ. ಅದರ ಕೊರತೆಯನ್ನು ಅವರು ಬೇರೆ ದಾರಿಗಳಲ್ಲಿ ತುಂಬಿಕೊಂಡರು: ಗೋಡೆಯನ್ನು ಒಳಕ್ಕೆ ವಾಲಿಸಿದರು, ಒಳಗಿನ ಹೂರಣವನ್ನೇ ಕಟ್ಟಡದಂತೆ ಜೋಡಿಸಿದರು, ಮಣ್ಣಿಗೆ ಜೊಂಡು, ಚಾಪೆ, ಹಗ್ಗ ಹಾಕಿ ಹಿಡಿತ ಕೊಟ್ಟರು.

ಹಂತಗಳಿಂದ ಇನ್ನೂ ಎರಡು ಉಪಯೋಗಗಳಿವೆ. ಕಟ್ಟುವಾಗ ಪ್ರತಿ ಹಂತವೂ ಕೆಲಸಗಾರರಿಗೆ ಅಟ್ಟಣೆಯಾಗುತ್ತದೆ, ಸಾಮಾನು ಇಳಿಸಿಕೊಳ್ಳುವ ಜಾಗವಾಗುತ್ತದೆ. ಕಟ್ಟಿದ ಮೇಲೆ ಪೂಜೆಗೆ, ಪ್ರದಕ್ಷಿಣೆಗೆ, ಮೆರವಣಿಗೆಗೆ ದಾರಿಯಾಗುತ್ತದೆ. ಪರ್ವತದ ಸಂಕೇತ, ದೇವಲೋಕಕ್ಕೆ ಏಣಿ ಎಂಬ ವಿವರಣೆಗಳು ಹಲವು ಕಡೆ ನಿಜವೇ. ಆದರೆ ಮಣ್ಣಿನ ತಳ್ಳು ಯಾವ ದೇವರ ಕಟ್ಟಡವನ್ನೂ ಬಿಟ್ಟಿಲ್ಲ.

ಎಲ್ಲಕ್ಕಿಂತ ಹಳೆಯದು ಯಾವುದು?

ಕತ್ತರಿಸಿದ ಕಲ್ಲಿನ ದೊಡ್ಡ ಹಂತದ ಕಟ್ಟಡ ಎಂದರೆ ಸಕ್ಕಾರದಲ್ಲಿರುವ, ಈಜಿಪ್ಟಿನ ದೊರೆ ಜೋಸರನ ಪಿರಮಿಡ್, ಕ್ರಿ.ಪೂ. 2650ರ ಆಸುಪಾಸಿನದು. ‘ಹಂತದ ವೇದಿಕೆ’ ಎಂದಷ್ಟೇ ಕೇಳಿದರೆ ಇಟಲಿಯ ಸಾರ್ಡೀನಿಯಾ ದ್ವೀಪದ ಮೊಂತೆ ದಾಕೊದ್ದಿ ಅದಕ್ಕಿಂತ ಹಳೆಯದು. ಉದ್ದನೆಯ ಇಳಿಜಾರು ದಾರಿಯಿರುವ ಆ ದಿಬ್ಬದ ಮೊದಲ ಘಟ್ಟ ಕ್ರಿ.ಪೂ. ನಾಲ್ಕನೇ ಸಹಸ್ರಮಾನಕ್ಕೆ ಸೇರಿದ್ದು. ಪೆರುವಿನ ಕಾರಾಲ್ ನಗರದ ದಿಬ್ಬಗಳು ಜೋಸರನ ಕಾಲಕ್ಕೆ ಹತ್ತಿರದವು.

ಜೋಸರ್ ಪಿರಮಿಡ್ಡನ್ನು ಆರು ಹಂತಗಳಾಗಿಯೇ ಯೋಜಿಸಿದ್ದರೇ?

ಇಲ್ಲ. ಶುರುವಾದದ್ದು ಚಪ್ಪಟೆ ತಲೆಯ ಚೌಕಾಕಾರದ ಗೋರಿಯಾಗಿ. ಅದನ್ನು ಎರಡು ಸಲ ಅಗಲಿಸಿದರು, ಆಮೇಲೆ ಅದರ ಮೇಲೆ ನಾಲ್ಕು ಹಂತದ ಪಿರಮಿಡ್ ಎಬ್ಬಿಸಿದರು, ಕೊನೆಗೆ ಉತ್ತರಕ್ಕೂ ಪಶ್ಚಿಮಕ್ಕೂ ಹಿಗ್ಗಿಸಿ ಆರು ಹಂತ ಮಾಡಿದರು. ತಳ ಸುಮಾರು 121 ಮೀಟರ್ ಉದ್ದ, 109 ಮೀಟರ್ ಅಗಲ. ಎತ್ತರ 62 ಮೀಟರಿನಷ್ಟು. ತಳ ಚೌಕವಾಗಿಲ್ಲದಿರಲು ಈ ತೇಪೆ ಕೆಲಸವೇ ಕಾರಣ. ಇದರ ಹೊಣೆ ಹೊತ್ತವನು ಇಮ್‌ಹೋಟೆಪ್ ಎಂಬುದು ಪರಂಪರೆ. ಅವನ ಹೆಸರು ಮತ್ತು ಬಿರುದುಗಳು ಅಲ್ಲೇ ಸಿಕ್ಕ ಜೋಸರನ ವಿಗ್ರಹದ ಪೀಠದ ಮೇಲಿವೆ.

ಮೇಲ್ನೋಟಕ್ಕೆ ಒಂದರ ಮೇಲೊಂದು ಪೆಟ್ಟಿಗೆ ಇಟ್ಟಂತೆ ಕಂಡರೂ ಕಟ್ಟಿದ ರೀತಿ ಬೇರೆ. ನಡುವಿನ ತಿರುಳಿಗೆ ಒರಗಿಕೊಂಡಂತೆ, ಒಳಕ್ಕೆ ವಾಲಿದ ಕಲ್ಲಿನ ಪದರಗಳನ್ನು ಒಂದರ ಹೊರಗೊಂದು ಕಟ್ಟಿದ್ದಾರೆ. ಹೊರಗಿನ ಪದರ ಗಿಡ್ಡ, ಒಳಗಿನದು ಎತ್ತರ. ವಾಲಿದ ಪದರಗಳ ಭಾರ ಒಳಗಿನ ಕಡೆಗೆ ಬೀಳುವುದರಿಂದ ಹೊರಕ್ಕೆ ಜಾರುವ ಅಪಾಯ ಕಡಿಮೆ. ತಳದಲ್ಲಿ ಸುಮಾರು 28 ಮೀಟರ್ ಆಳದ ಗೋರಿ ಬಾವಿ ಇದೆ. 1992ರ ಭೂಕಂಪದಲ್ಲಿ ಆ ಬಾವಿಯ ಮೇಲಿನ ಚಾವಣಿ ಸಡಿಲವಾಯಿತು. ಹದಿನಾಲ್ಕು ವರ್ಷಗಳ ದುರಸ್ತಿಯ ಬಳಿಕ 2020ರ ಮಾರ್ಚಿನಲ್ಲಿ ಸ್ಮಾರಕವನ್ನು ಮತ್ತೆ ತೆರೆದರು.

ಹಂತಗಳನ್ನು ಮುಚ್ಚಿ ನುಣುಪು ಮಾಡಲು ಹೋದಾಗ ಏನಾಯಿತು?

ಈಜಿಪ್ಟಿನ ಮೈದುಮ್‌ನಲ್ಲಿ ಉತ್ತರ ಸಿಗುತ್ತದೆ. ಅಲ್ಲಿ ಏಳು ಹಂತದ ಪಿರಮಿಡ್ಡನ್ನು ಎಂಟಕ್ಕೆ ಏರಿಸಿ, ಕೊನೆಗೆ ಹಂತಗಳ ಸಂದು ತುಂಬಿ ನಾಲ್ಕು ನೇರ ಮುಖಗಳ ಪಿರಮಿಡ್ ಮಾಡಲು ಹೊರಟರು. ಮೂರು ತಪ್ಪುಗಳು ಒಟ್ಟಿಗೆ ಬಿದ್ದವು. ಒಳಗಿನ ಪಿರಮಿಡ್ ಬಂಡೆಯ ಮೇಲೆ ಕೂತಿತ್ತು, ಹೊರಹೊದಿಕೆ ಕೂತದ್ದು ಮರಳಿನ ಮೇಲೆ. ಒಳಗಿನ ಪದರಗಳು ವಾಲಿದ್ದವು, ಹೊದಿಕೆಯ ಸಾಲುಗಳು ಮಟ್ಟಸವಾಗಿದ್ದವು. ಹಳೆಯ ಹಂತಗಳ ಮುಖವನ್ನು ಮೊದಲೇ ನುಣ್ಣಗೆ ಮಾಡಿದ್ದರಿಂದ ಹೊಸ ಕಲ್ಲಿಗೂ ಹಳೆಯದಕ್ಕೂ ಹಲ್ಲು ಕೂರಲಿಲ್ಲ. ಹೊದಿಕೆ ಕಳಚಿ ಬಿತ್ತು. ಇಂದು ಕಾಣುವುದು ಕಲ್ಲುಚೂರಿನ ರಾಶಿಯ ನಡುವೆ ನಿಂತ ಒಳತಿರುಳು. ಅದು ಕುಸಿದದ್ದು ಯಾವಾಗ ಎಂಬುದರ ಮೇಲೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಜಿಗ್ಗುರಾಟ್ ಮತ್ತು ಪಿರಮಿಡ್ ಎರಡೂ ಒಂದೇ ಅಲ್ಲವೇ?

ಅಲ್ಲ. ಈಜಿಪ್ಟಿನ ಪಿರಮಿಡ್ ಸಮಾಧಿ. ಒಳಗೆ ಅಥವಾ ಅಡಿಯಲ್ಲಿ ಕೋಣೆ ಇರುತ್ತದೆ. ಮೆಸೊಪೊಟೇಮಿಯದ (ಇಂದಿನ ಇರಾಕ್ ಪ್ರದೇಶದ) ಜಿಗ್ಗುರಾಟ್ ದೇವಸ್ಥಾನಕ್ಕೆ ಪೀಠ. ಒಳಗೆ ಕೋಣೆ ಇಲ್ಲ, ಮುಖ್ಯವಾದದ್ದೆಲ್ಲ ತುದಿಯಲ್ಲಿ. ಸಾಮಗ್ರಿಯೂ ಬೇರೆ. ನದೀ ಬಯಲಿನಲ್ಲಿ ಕಲ್ಲು ಇರಲಿಲ್ಲ, ಇದ್ದದ್ದು ಜೇಡಿಮಣ್ಣು, ಜೊಂಡು, ನೆಲದಿಂದ ಒಸರುವ ಡಾಂಬರು.

ಉರ್ ನಗರದ ಜಿಗ್ಗುರಾಟ್ ಒಳ್ಳೆಯ ಮಾದರಿ. ಉರ್-ನಮ್ಮು ಎಂಬ ರಾಜ ಕ್ರಿ.ಪೂ. 21ನೇ ಶತಮಾನದಲ್ಲಿ ಚಂದ್ರದೇವ ನನ್ನನಿಗಾಗಿ ಇದನ್ನು ಕಟ್ಟಿಸಲು ಶುರು ಮಾಡಿದ. ತಳ ಸುಮಾರು 64 ಮೀಟರ್ ಉದ್ದ, 45 ಮೀಟರ್ ಅಗಲ. ತಿರುಳು ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಅದರ ಸುತ್ತ ಸುಮಾರು ಎರಡೂವರೆ ಮೀಟರ್ ದಪ್ಪದ ಸುಟ್ಟ ಇಟ್ಟಿಗೆಯ ಕವಚ, ಡಾಂಬರಿನಲ್ಲಿ ಕೂರಿಸಿದ್ದು. ಮೂರು ಸೋಪಾನಗಳು ಮೇಲೆ ಒಂದೇ ಬಾಗಿಲಲ್ಲಿ ಕೂಡುತ್ತವೆ, ಪ್ರತಿಯೊಂದರಲ್ಲೂ ನೂರು ಮೆಟ್ಟಿಲು.

ಕವಚದ ಉದ್ದಕ್ಕೂ ಸಣ್ಣ ಸೀಳುಗಂಡಿಗಳಿವೆ, ಅವು ತಿರುಳಿನವರೆಗೂ ಹೋಗುತ್ತವೆ. ಹಸಿ ಇಟ್ಟಿಗೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಒಳಗಿನ ತೇವ ಹೊರಹೋಗಲು ದಾರಿಯಿಲ್ಲದಿದ್ದರೆ ಎಷ್ಟೇ ದಪ್ಪದ ಕವಚವೂ ಬಿರಿಯುತ್ತದೆ. ಹೋಗುವವರು ಮುಂದಿನ ಸೋಪಾನದ ಚಿತ್ರ ತೆಗೆದು ಹಿಂತಿರುಗುತ್ತಾರೆ. ಪಕ್ಕದ ಗೋಡೆಗೆ ಹೋಗಿ ಈ ಗಂಡಿಗಳನ್ನು ನೋಡಿ ಬಂದರೆ ಕಟ್ಟಡ ಅರ್ಥವಾಗುತ್ತದೆ. ಇಂದು ಕಾಣುವ ಕೆಳಹಂತದ ಮುಖ ಮತ್ತು ಸೋಪಾನಗಳ ಬಹುಭಾಗ 1980ರ ದಶಕದ ಮರುನಿರ್ಮಾಣ ಎಂಬುದು ನೆನಪಿರಲಿ.

ಬಾಗ್ದಾದ್ ಬಳಿಯ ಅಕರ್ ಕೂಫ್‌ನಲ್ಲಿ ಕವಚವೆಲ್ಲ ಉದುರಿ, 50 ಮೀಟರಿಗೂ ಎತ್ತರದ ತಿರುಳು ಬೆತ್ತಲಾಗಿ ನಿಂತಿದೆ. ಹಸಿ ಇಟ್ಟಿಗೆಯ ಕೆಲವು ಸಾಲುಗಳಿಗೊಮ್ಮೆ ಹಾಸಿದ ಜೊಂಡಿನ ಪದರ ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಜೊಂಡು ಒಂದು ಕಡೆ ಬಿದ್ದ ಭಾರವನ್ನು ಅಗಲಕ್ಕೆ ಹರಡಿ, ಇಟ್ಟಿಗೆ ಅಡ್ಡಕ್ಕೆ ಜರುಗದಂತೆ ಹಿಡಿಯುತ್ತದೆ. ಇಂದಿನ ರಸ್ತೆ ದಿಬ್ಬಗಳಲ್ಲಿ ಪ್ಲಾಸ್ಟಿಕ್ ಬಲೆ ಹಾಸುವುದೂ ಇದೇ ಕಾರಣಕ್ಕೆ.

ಚೋಘಾ ಜನ್‌ಬೀಲ್ ಬೇರೆ ಜಿಗ್ಗುರಾಟ್‌ಗಳಿಗಿಂತ ಹೇಗೆ ಭಿನ್ನ?

ಇರಾನಿನ ಈ ಸ್ಮಾರಕ ಅಲ್ಲಿನ ಪ್ರಾಚೀನ ರಾಜ್ಯವಾದ ಎಲಾಮಿನ ರಾಜ ಉಂತಾಶ್-ನಪಿರಿಶನ ಕಾಲದ್ದು, ಕ್ರಿ.ಪೂ. 1250ರ ಸುಮಾರು. ತಳದ ಪ್ರತಿ ಬದಿ 105 ಮೀಟರ್. ಐದು ಹಂತಗಳಿದ್ದವು, ಈಗ 25 ಮೀಟರಿನಷ್ಟು ಎತ್ತರ ಉಳಿದಿದೆ. ಬೇರೆ ಕಡೆ ಮೇಲಿನ ಹಂತ ಕೆಳಗಿನದರ ಬೆನ್ನ ಮೇಲೆ ಕೂತಿದ್ದರೆ, ಇಲ್ಲಿ ಒಳಗಿನ ಹಂತಗಳು ನೆಲದಿಂದಲೇ ಎದ್ದು ಒಂದನ್ನೊಂದು ಸುತ್ತುವರಿದಿವೆ. ಹೀಗಾಗಿ ಮೇಲಿನ ಭಾರ ಕೆಳಹಂತದ ಹೂರಣದ ಮೇಲೆ ಬೀಳದೆ ನೇರ ನೆಲಕ್ಕೆ ಇಳಿಯುತ್ತದೆ. ಶ್ರಮ ಹೆಚ್ಚು, ಅಪಾಯ ಕಡಿಮೆ. ಗೋಡೆಯ ಇಟ್ಟಿಗೆ ಸಾಲುಗಳ ನಡುವೆ ರಾಜನ ಹೆಸರು ಹೇಳುವ ಬರಹದ ಇಟ್ಟಿಗೆಗಳನ್ನು ಕೂರಿಸಿದ್ದಾರೆ. ಮೂರು ಸಾವಿರ ವರ್ಷ ದಾಟಿದರೂ ಅವು ಕಟ್ಟಿದಲ್ಲೇ ಇವೆ.

ಬಾಬೆಲ್ ಗೋಪುರ ಈಗ ಎಲ್ಲಿದೆ?

ಬೈಬಲಿನ ಆ ಕಥೆಯ ಹಿಂದಿನ ಕಟ್ಟಡ ಎಂದು ಹೆಚ್ಚಿನವರು ಗುರುತಿಸುವುದು ಬಾಬಿಲೋನಿನ ಎತೆಮೆನಂಕಿ ಎಂಬ ಜಿಗ್ಗುರಾಟನ್ನು. ತಳ ಸುಮಾರು 91 ಮೀಟರ್ ಚದರ. ಮರುನಿರ್ಮಾಣಕ್ಕೆಂದು ಅಲೆಕ್ಸಾಂಡರನ ಕಾಲದಲ್ಲಿ ಅದರ ಮಣ್ಣುರಾಶಿಯನ್ನು ತೆಗೆಸಿದರು, ಮರುನಿರ್ಮಾಣ ಆಗಲೇ ಇಲ್ಲ. ಈಗ ಅಲ್ಲಿರುವುದು ನೀರು ನಿಂತ ಚೌಕ ತಗ್ಗು.

ಮಧ್ಯ ಅಮೆರಿಕದ ಮಾಯಾ ಜನರ ಪಿರಮಿಡ್ಡುಗಳ ಒಳಗೆ ಇನ್ನೊಂದು ಪಿರಮಿಡ್ ಇರುತ್ತದೆ ಎನ್ನುತ್ತಾರೆ, ನಿಜವೇ?

ನಿಜ, ಅದು ಅಲ್ಲಿನ ವಾಡಿಕೆ. ಹಳೆಯದನ್ನು ಕೆಡವದೆ ಅದರ ಮೇಲೆಯೇ ಹೊಸದನ್ನು ಹೊದಿಸುತ್ತಿದ್ದರು. ಹಳೆಯ ಕಟ್ಟಡವೇ ಗಟ್ಟಿಯಾದ ತಿರುಳಾಗುತ್ತಿತ್ತು, ಹೊಸದಕ್ಕೆ ಬೇಕಾದ ಹೂರಣ ಉಳಿಯುತ್ತಿತ್ತು. ಪವಿತ್ರ ಜಾಗವೂ ಕದಲುತ್ತಿರಲಿಲ್ಲ. ಚಿಚೆನ್ ಇಟ್ಜಾದ ಎಲ್ ಕಾಸ್ತಿಯೊ ಪಿರಮಿಡ್ಡಿನ ಒಳಗೆ ಒಂದು ಹಳೆಯ ಪಿರಮಿಡ್ ಇರುವುದು, ಅದರ ಗುಡಿಯಲ್ಲಿ ಕೆಂಪು ಬಣ್ಣದ ಜಾಗ್ವಾರ್ ಪೀಠ ಇರುವುದು 1930ರ ದಶಕದಲ್ಲೇ ಗೊತ್ತಾಯಿತು. ವಿದ್ಯುತ್ ಹರಿಸಿ ಒಳಗಿನ ಪದರಗಳನ್ನು ಅಳೆಯುವ ವಿಧಾನದಿಂದ, ಅದರೊಳಗೆ ಸುಮಾರು 10 ಮೀಟರ್ ಎತ್ತರದ ಮೂರನೆಯದೂ ಇದೆ ಎಂದು 2016ರಲ್ಲಿ ಪ್ರಕಟಿಸಿದರು. ಮೆಕ್ಸಿಕೊ ನಗರದ ತೆಂಪ್ಲೊ ಮಾಯೊರ್ ಅಸ್ಟೆಕ್ ಜನರದ್ದು. ಅಲ್ಲೂ ಇದೇ ರೂಢಿ, ಏಳು ಘಟ್ಟಗಳು.

ಮೆಕ್ಸಿಕೊದ ಚೋಲುಲಾ ಪಿರಮಿಡ್ ಇದರ ತುತ್ತತುದಿ. ಶತಮಾನಗಳ ಕಾಲ ಹೊದಿಸಿ ಹೊದಿಸಿ ತಳದ ಬದಿ 400 ಮೀಟರ್ ಮುಟ್ಟಿತು; ಘನ ಅಳತೆ ಸುಮಾರು 44.5 ಲಕ್ಷ ಘನ ಮೀಟರ್, ಗೀಜಾದ ಮಹಾ ಪಿರಮಿಡ್ಡಿಗಿಂತ ಬಹಳ ಹೆಚ್ಚು. ಹೂರಣ ಬಹುತೇಕ ಹಸಿ ಇಟ್ಟಿಗೆ. ಮೇಲೆ ಹುಲ್ಲು ಮರ ಬೆಳೆದು ಗುಡ್ಡದಂತಾಯಿತು, 16ನೇ ಶತಮಾನದಲ್ಲಿ ನೆತ್ತಿಯ ಮೇಲೆ ಇಗರ್ಜಿಯೂ ಎದ್ದಿತು. 1931ರಿಂದ ಪುರಾತತ್ತ್ವಜ್ಞರು ಒಳಗೆ ಕೊರೆದ ಸುರಂಗಗಳ ಉದ್ದ ಸುಮಾರು 8 ಕಿಲೋಮೀಟರ್.

ಹಾಗಾದರೆ ಅಮೆರಿಕದ ಪಿರಮಿಡ್ಡುಗಳಲ್ಲಿ ಸಮಾಧಿ ಇರುವುದೇ ಇಲ್ಲವೇ?

ಕೆಲವಲ್ಲಿ ಇದೆ. ಮೆಕ್ಸಿಕೊದ ಪಲೆಂಕೆಯ ಶಾಸನಗಳ ದೇಗುಲದಲ್ಲಿ ನೆಲದ ಚಪ್ಪಡಿಯೊಂದರಲ್ಲಿ ಬಿರಡೆ ಹಾಕಿದ ತೂತುಗಳಿರುವುದನ್ನು ಪುರಾತತ್ತ್ವಜ್ಞ ಆಲ್ಬೆರ್ತೊ ರೂಸ್ ಗಮನಿಸಿದರು. ಚಪ್ಪಡಿ ಎತ್ತಿದಾಗ ಕಲ್ಲುಮಣ್ಣು ತುಂಬಿದ ಸೋಪಾನ ಸಿಕ್ಕಿತು. ಅದನ್ನು ತೆರವು ಮಾಡುತ್ತಾ ಕೆಳಗಿಳಿದು 1952ರಲ್ಲಿ ತಲುಪಿದ್ದು, 683ರಲ್ಲಿ ತೀರಿಕೊಂಡ ಪಕಾಲ್ ದೊರೆಯ ಗೋರಿಯನ್ನು. ಗ್ವಾಟೆಮಾಲಾದ ಟಿಕಾಲಿನ ಒಂದನೇ ದೇಗುಲದ ಅಡಿಯಲ್ಲೂ ರಾಜನ ಸಮಾಧಿ ಇದೆ.

ಎಲ್ ಕಾಸ್ತಿಯೊದಲ್ಲಿ 365 ಮೆಟ್ಟಿಲು, ಹಗಲಿರುಳು ಸಮನಾಗುವ ವಿಷುವದಿನ ಇಳಿದು ಬರುವ ಸರ್ಪ: ಎಷ್ಟು ನಂಬಬಹುದು?

ಲೆಕ್ಕ ಹೀಗಿದೆ: ನಾಲ್ಕು ಬದಿ, ಪ್ರತಿ ಬದಿಗೆ 91 ಮೆಟ್ಟಿಲು, ಒಟ್ಟು 364, ಮೇಲಿನ ಗುಡಿಯ ಕಟ್ಟೆ ಸೇರಿ 365. ಆದರೆ ಪುನರುದ್ಧಾರದಲ್ಲಿ ಪೂರ್ತಿಯಾಗಿ ಕಟ್ಟಿದ್ದು ಉತ್ತರ ಮತ್ತು ಪಶ್ಚಿಮ ಬದಿಗಳನ್ನು ಮಾತ್ರ. ಉಳಿದೆರಡರಲ್ಲಿ ಎಣಿಸಲು ಮೆಟ್ಟಿಲುಗಳೇ ಸರಿಯಾಗಿ ಉಳಿದಿಲ್ಲ. ಮಾಯಾ ಜನರಿಗೆ 365 ದಿನದ ಪಂಚಾಂಗ ಇದ್ದದ್ದು ಖಚಿತವಾದ್ದರಿಂದ ಈ ಲೆಕ್ಕವನ್ನು ಒಪ್ಪಲು ಅಡ್ಡಿಯಿಲ್ಲ.

ಸರ್ಪ ಕಾಣುವುದು ನಿಜ. ವಿಷುವದ ಸಂಜೆ ಒಂಬತ್ತು ಹಂತಗಳ ಮೂಲೆಯ ನೆರಳು ಉತ್ತರದ ಸೋಪಾನದ ಪಕ್ಕಗೋಡೆಯ ಮೇಲೆ ಬೆಳಕಿನ ತ್ರಿಕೋನಗಳಾಗಿ ಬಿದ್ದು, ಕೆಳಗಿನ ಕಲ್ಲಿನ ಸರ್ಪತಲೆಗೆ ಕೂಡುತ್ತದೆ. ಆದರೆ ಅದು ಆ ಒಂದೇ ದಿನದ ದೃಶ್ಯವಲ್ಲ. ವಿಷುವದ ಹಿಂದೆ ಮುಂದೆ ಹಲವು ದಿನ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಜನಜಂಗುಳಿ ಬೇಡವೆಂದರೆ ಎರಡು ಮೂರು ದಿನ ಆಚೀಚೆ ಹೋಗಿ.

ಬೊರೊಬುದುರನ್ನು ಯಾವ ಕ್ರಮದಲ್ಲಿ ನೋಡಬೇಕು?

ಪೂರ್ವದ ಬಾಗಿಲಿಂದ ಹತ್ತಿ, ಎಡಕ್ಕೆ ತಿರುಗಿ, ಸ್ಮಾರಕವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಬರಬೇಕು. ಉಬ್ಬುಶಿಲ್ಪಗಳ ಕಥೆ ಸಾಗುವುದು ಆ ದಿಕ್ಕಿನಲ್ಲೇ. ಒಂದು ಮೊಗಸಾಲೆಗೆ ಒಂದೇ ಸುತ್ತು ಸಾಲದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲ ಮೊಗಸಾಲೆಯಲ್ಲಿ ನಾಲ್ಕು ಸರಣಿಗಳಿವೆ: ಒಳಗೋಡೆಯಲ್ಲಿ ಮೇಲೆ ಕೆಳಗೆ ಎರಡು ಸಾಲು, ಹೊರಗಿನ ತಡೆಗೋಡೆಯಲ್ಲಿ ಎರಡು. ಉಳಿದ ಮೂರು ಮೊಗಸಾಲೆಗಳಲ್ಲಿ ಎರಡೆರಡು. ಎಲ್ಲವನ್ನೂ ಕ್ರಮವಾಗಿ ಓದಲು ಹತ್ತು ಪ್ರದಕ್ಷಿಣೆ ಬೇಕು. ಸಮಯ ಕಡಿಮೆ ಇದ್ದರೆ ಮೊದಲ ಮೊಗಸಾಲೆಯ ಒಳಗೋಡೆಯ ಮೇಲ್ಸಾಲನ್ನು ಮಾತ್ರ ಹಿಡಿಯಿರಿ. ಅಲ್ಲಿ 120 ಫಲಕಗಳಲ್ಲಿ ಬುದ್ಧನ ಜೀವನವಿದೆ, ಮೊದಲ ಉಪದೇಶದವರೆಗೆ.

ಒಟ್ಟು 2,672 ಫಲಕಗಳಲ್ಲಿ 1,460 ಕಥೆ ಹೇಳುವಂಥವು, ಉಳಿದವು ಅಲಂಕಾರ. ಆರು ಚೌಕ ಹಂತ, ಅದರ ಮೇಲೆ ಮೂರು ದುಂಡು ಹಂತ, ನಡುವೆ ಮುಖ್ಯ ಸ್ತೂಪ. ದುಂಡು ಹಂತಗಳಲ್ಲಿ ಕೆಳಗಿನಿಂದ 32, 24, 16 ಜಾಲಂಧ್ರದ ಸ್ತೂಪಗಳು, ಒಟ್ಟು 72, ಪ್ರತಿಯೊಂದರಲ್ಲೂ ಒಬ್ಬ ಬುದ್ಧ. ಕೆಳಗಿನ ಗೂಡುಗಳ 432 ಸೇರಿ ಮೂಲದಲ್ಲಿ 504 ವಿಗ್ರಹಗಳಿದ್ದವು. ತಲೆ ಕಳೆದುಕೊಂಡವು ನೂರಾರಿವೆ. ಚೌಕ ಹಂತಗಳಲ್ಲಿ ಎತ್ತರದ ಗೋಡೆಗಳು ನೋಟವನ್ನು ಕಟ್ಟಿಹಾಕುತ್ತವೆ. ದುಂಡು ಹಂತಕ್ಕೆ ಕಾಲಿಟ್ಟೊಡನೆ ಶಿಲ್ಪ ನಿಂತುಹೋಗಿ ಆಕಾಶ ತೆರೆದುಕೊಳ್ಳುತ್ತದೆ. ಕಾಮಧಾತು (ಆಸೆಯ ಲೋಕ), ರೂಪಧಾತು (ರೂಪದ ಲೋಕ), ಅರೂಪಧಾತು (ರೂಪವಿಲ್ಲದ ಲೋಕ) ಎಂಬ ಬೌದ್ಧ ವಿಭಾಗವನ್ನು ಓದಿ ತಿಳಿಯುವುದಕ್ಕಿಂತ ನಡೆದೇ ತಿಳಿಯುವುದು ಸುಲಭ.

ಶಿಲ್ಪಗಳಿಗೆ ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲು ಬೇಕು. ನಡು ಮಧ್ಯಾಹ್ನ ಕಪ್ಪು ಕಲ್ಲಿನ ಮೇಲೆ ಉಬ್ಬುಗಳು ಕಾಣುವುದೇ ಇಲ್ಲ.

ಬೊರೊಬುದುರಿನ ಕೆಳಗೆ ಮುಚ್ಚಿಹೋದ ಶಿಲ್ಪಗಳಿವೆಯಂತೆ, ಏಕೆ ಮುಚ್ಚಿದರು?

ತಳದ ಸುತ್ತ ಕಲ್ಲಿನ ದಪ್ಪ ಕಟ್ಟೆ ಇದೆ. ಅದರ ಹಿಂದೆ ಕರ್ಮಫಲವನ್ನು ಚಿತ್ರಿಸುವ 160 ಫಲಕಗಳಿರುವುದು 1885ರಲ್ಲಿ ಪತ್ತೆಯಾಯಿತು. ಕಲ್ಲು ಬಿಚ್ಚಿ, ಫೋಟೋ ತೆಗೆದು, ಮತ್ತೆ ಮುಚ್ಚಿದರು. ಆಗ್ನೇಯ ಮೂಲೆಯಲ್ಲಿ ಕೆಲವನ್ನು ತೆರೆದಿಟ್ಟಿದ್ದಾರೆ. ಕಾಮಲೋಕವನ್ನು ಮರೆಮಾಡಲು ಮುಚ್ಚಿದರು ಎಂಬ ವಾದವಿದೆ. ಕೆಲವು ಫಲಕಗಳ ಕೆತ್ತನೆ ಅರ್ಧಕ್ಕೇ ನಿಂತಿರುವುದನ್ನೂ, ಶಿಲ್ಪಿಗಳಿಗೆ ಬರೆದಿಟ್ಟ ಸೂಚನೆಗಳು ಹಾಗೇ ಉಳಿದಿರುವುದನ್ನೂ ನೋಡಿದರೆ ತುರ್ತು ಕಾರಣವೇ ಹೆಚ್ಚು ನಂಬುವಂತಿದೆ: ತಳ ಹೊರಕ್ಕೆ ಉಬ್ಬತೊಡಗಿತ್ತು, ಆಸರೆ ಕೊಡಬೇಕಾಯಿತು.

ಉಬ್ಬಲು ಕಾರಣ ಹೂರಣ. ಬೊರೊಬುದುರ್ ಗುಡ್ಡದ ಮೇಲೆ ಮಣ್ಣು ತುಂಬಿ, ಗಾರೆಯಿಲ್ಲದೆ ಜೋಡಿಸಿದ ಜ್ವಾಲಾಮುಖಿ ಕಲ್ಲಿನ ಹೊದಿಕೆ. ಹಂತಗಳ ಮೂಲೆಗಳಲ್ಲಿ ಮಕರಮುಖದ ನೂರು ತೂಬುಗಳಿದ್ದರೂ ಮಳೆನೀರು ಕಲ್ಲಿನ ಸಂದುಗಳಿಂದ ಒಳಗಿಳಿದು ಮಣ್ಣನ್ನು ತೋಯಿಸಿ ಕೊಚ್ಚುತ್ತಿತ್ತು. ಗೋಡೆಗಳು ವಾಲಿದವು, ಶಿಲ್ಪಗಳ ಮೇಲೆ ಪಾಚಿ ಮತ್ತು ಉಪ್ಪು ಹತ್ತಿತು. 1907ರಿಂದ 1911ರವರೆಗೆ ಡಚ್ ಎಂಜಿನಿಯರ್ ವಾನ್ ಎರ್ಪ್ ನಡೆಸಿದ ದುರಸ್ತಿ ಮೇಲ್ಭಾಗವನ್ನು ಸರಿಪಡಿಸಿತು, ನೀರಿನ ಸಮಸ್ಯೆ ಉಳಿಯಿತು. ಯುನೆಸ್ಕೊ ನೆರವಿನಿಂದ 1970ರ ದಶಕದಲ್ಲಿ ಶುರುವಾಗಿ 1983ಕ್ಕೆ ಮುಗಿದ ಕೆಲಸದಲ್ಲಿ ಚೌಕ ಹಂತಗಳ ಹತ್ತು ಲಕ್ಷಕ್ಕೂ ಹೆಚ್ಚು ಕಲ್ಲುಗಳನ್ನು ಬಿಚ್ಚಿ, ಗುರುತು ಹಾಕಿ, ತೊಳೆದು, ಅಡಿಗೆ ಕಾಂಕ್ರೀಟ್ ಹಾಸು, ನೀರು ತಡೆಯುವ ಪದರ, ಕೊಳವೆಗಳನ್ನು ಹಾಕಿ ಮತ್ತೆ ಜೋಡಿಸಿದರು.

ಆಂಗ್ಕೋರಿನ ಬಾಫುವನ್ ಜೋಡಿಸಲು ಅಷ್ಟು ವರ್ಷ ಏಕೆ ಹಿಡಿಯಿತು?

ಕಾಂಬೋಡಿಯದ ಈ 11ನೇ ಶತಮಾನದ ದೇಗುಲದ ಒಡಲಲ್ಲಿ ಇರುವುದು ಮರಳು. ಅದನ್ನು ಹಿಡಿದಿದ್ದ ಗೋಡೆಗಳು ಎತ್ತರಕ್ಕೆ ತಕ್ಕಷ್ಟು ದಪ್ಪವಿರಲಿಲ್ಲ. ಮಳೆಗಾಲದಲ್ಲಿ ತೊಯ್ದ ಮರಳಿನ ತಳ್ಳು ಒಣ ಮರಳಿನದಕ್ಕಿಂತ ಬಹಳ ಹೆಚ್ಚು. ಗೋಡೆಗಳು ಸಿಡಿದವು, 1943ರಲ್ಲಿ ಒಂದು ಭಾಗ ಕುಸಿಯಿತು. 1960ರ ದಶಕದಲ್ಲಿ ಫ್ರೆಂಚ್ ತಜ್ಞರು ಮೂರು ಲಕ್ಷದಷ್ಟು ಕಲ್ಲುಗಳನ್ನು ಬಿಚ್ಚಿ ಕಾಡಿನಲ್ಲಿ ಹರಡಿಟ್ಟರು. ಅಷ್ಟರಲ್ಲಿ ಯುದ್ಧ ಬಂತು, ಯಾವ ಕಲ್ಲು ಎಲ್ಲಿಯದು ಎಂಬ ದಾಖಲೆಗಳು 1970ರ ದಶಕದ ಖ್ಮೇರ್ ರೂಜ್ ಆಡಳಿತದ ಕಾಲದಲ್ಲಿ ನಾಶವಾದವು. ಇಲ್ಲಿನ ಹಳೆಯ ಖ್ಮೇರ್ ಕಟ್ಟಡಗಳಲ್ಲಿ ಗಾರೆ ಇಲ್ಲ, ಒಂದೊಂದು ಕಲ್ಲೂ ಪಕ್ಕದ ಕಲ್ಲಿಗೆ ಮಾತ್ರ ಹೊಂದುವಂತೆ ಉಜ್ಜಿದ್ದು. 1995ರಲ್ಲಿ ಮತ್ತೆ ಶುರುವಾದ ಕೆಲಸ 2011ರಲ್ಲಿ ಮುಗಿಯಿತು.

ಹೋಲಿಸಿ ನೋಡಲು ಹತ್ತಿರದ ಫ್ನೊಮ್ ಬಾಖೆಂಗ್ ಒಳ್ಳೆಯದು. ಅಲ್ಲಿ ಬೆಟ್ಟದ ಬಂಡೆಯನ್ನೇ ಹಂತಗಳಾಗಿ ಕಡಿದು ಮೇಲೆ ಮರಳುಗಲ್ಲು ಹೊದಿಸಿದ್ದಾರೆ. ತಿರುಳು ಜರುಗುವುದಿಲ್ಲ, ಹೊದಿಕೆ ಮಾತ್ರ ಸಡಿಲವಾಗುತ್ತದೆ. ಇವೆರಡಕ್ಕೂ ಹಿಂದಿನದು 881ರಲ್ಲಿ ಪ್ರತಿಷ್ಠೆಯಾದ, ಐದು ಹಂತದ ಬಾಕೊಂಗ್. ಎತ್ತರಕ್ಕೆ ಬೇಕೆಂದರೆ ಕೋ ಕೇರ್: ಏಳು ಹಂತ, 36 ಮೀಟರ್.

ಭೂಕಂಪದ ನಾಡಿನಲ್ಲಿ ಇಂಥವನ್ನು ಹೇಗೆ ನಿಲ್ಲಿಸಿದರು?

ಪೆರುವಿನ ಕಾರಾಲಿನಲ್ಲಿ ಹುಲ್ಲು ನಾರಿನಿಂದ ಹೆಣೆದ ಚೀಲಗಳಲ್ಲಿ ಕಲ್ಲು ತುಂಬಿ, ಚೀಲ ಸಮೇತ ಹೂರಣಕ್ಕೆ ಹಾಕಿದರು. ಶಿಕ್ರ ಎನ್ನುವ ಈ ಚೀಲಗಳು ನೆಲ ಅದುರಿದಾಗ ಅಲ್ಲಲ್ಲೇ ಕೊಂಚ ಕದಲಿ ಸುಮ್ಮನಾಗುತ್ತವೆ. ಸಡಿಲ ಕಲ್ಲಿನಂತೆ ಒಟ್ಟಾಗಿ ಗೋಡೆಯತ್ತ ನುಗ್ಗುವುದಿಲ್ಲ. ಸಾವಿರಾರು ವರ್ಷಗಳ ಬಳಿಕ ಪೆರುವಿನ ಮೋಚೆ ಜನರು ಕಟ್ಟಿದ ವಾಕಾ ದೆಲ್ ಸೋಲ್ ದಿಬ್ಬದಲ್ಲಿ ಕೋಟಿಗಟ್ಟಲೆ ಹಸಿ ಇಟ್ಟಿಗೆಗಳನ್ನು ಬೇರೆ ಬೇರೆ ಕಂಬಗಳಂತೆ, ಒಂದಕ್ಕೊಂದು ಬೆಸೆಯದೆ ನಿಲ್ಲಿಸಿದ್ದಾರೆ. ಇಟ್ಟಿಗೆಗಳ ಮೇಲೆ ಅವನ್ನು ತಯಾರಿಸಿದ ಗುಂಪುಗಳ ಗುರುತುಗಳಿವೆ. ಅದನ್ನು ಕೆಡವಿದ್ದು ಭೂಕಂಪವಲ್ಲ: 17ನೇ ಶತಮಾನದಲ್ಲಿ ಸ್ಪೇನಿನವರು ಚಿನ್ನ ಹುಡುಕಲು ನದಿಯನ್ನೇ ಅದರತ್ತ ತಿರುಗಿಸಿ ಬಹುಭಾಗವನ್ನು ಕೊಚ್ಚಿಹಾಕಿದರು.

ಪಗೋಡ, ವಿಮಾನಗಳಲ್ಲಿ ಹೊರಗೆ ಕಾಣುವಷ್ಟೇ ಅಂತಸ್ತು ಒಳಗೂ ಇರುತ್ತವೆಯೇ?

ಸಾಮಾನ್ಯವಾಗಿ ಇಲ್ಲ. ಚೀನಾದ ಯಿಂಗ್‌ಶಿಯನ್‌ನ 1056ರ ಮರದ ಪಗೋಡ ಹೊರಗೆ ಐದು ಅಂತಸ್ತು, ಕೆಳಗಿನದಕ್ಕೆ ಜೋಡಿ ಸೂರು ಇರುವುದರಿಂದ ಸೂರುಗಳು ಆರು, ಒಳಗೆ ಮರೆಯಾದ ನಾಲ್ಕು ಮಟ್ಟ ಸೇರಿ ಒಂಬತ್ತು. 67 ಮೀಟರ್ ಎತ್ತರದ ಅದು ಈಗ ಎರಡನೇ ಅಂತಸ್ತಿನಲ್ಲಿ ವಾಲುತ್ತಿದೆ. ಜಪಾನಿನ ಹೊರ್ಯೂಜಿ ಪಗೋಡಕ್ಕೆ ಐದು ಅಂತಸ್ತಿನ ಸೂರುಗಳಿದ್ದರೂ ಹತ್ತಿ ಹೋಗುವ ಮಹಡಿಗಳಿಲ್ಲ. 1010ರಲ್ಲಿ ಮುಗಿದ ತಂಜಾವೂರಿನ ಬೃಹದೀಶ್ವರ ವಿಮಾನ ಹೊರಗೆ ಹದಿಮೂರು ತಲ (ಅಂತಸ್ತು), ಒಳಗೆ ಮೇಲಿನವರೆಗೂ ಟೊಳ್ಳು. ಇದಕ್ಕೆ ವಿರುದ್ಧ ಟಿಬೆಟಿನ ಗ್ಯಾಂಟ್ಸೆಯ ಕುಂಬುಂ ಸ್ತೂಪ: ಅಲ್ಲಿ ಹಂತಹಂತಕ್ಕೂ ಒಳಗೆ ಹೊಕ್ಕು ನೋಡುವ ಸಣ್ಣ ಗುಡಿಗಳಿವೆ.

ಒಂದೊಂದು ಪುಸ್ತಕದಲ್ಲಿ ಒಂದೊಂದು ಸಂಖ್ಯೆ ಇರುತ್ತದೆ. ಹಂತಗಳನ್ನು ಎಣಿಸುವುದು ಹೇಗೆ?

ವ್ಯತ್ಯಾಸ ಬರುವುದು ನಾಲ್ಕು ಕಡೆ: ತಳದ ಜಗತಿಯನ್ನು ಸೇರಿಸಿದರೋ, ನೆತ್ತಿಯ ಗುಡಿಯನ್ನು ಸೇರಿಸಿದರೋ, ಮಣ್ಣಲ್ಲಿ ಹೂತ ಹಂತವಿದೆಯೋ, ಪುನರುದ್ಧಾರದಲ್ಲಿ ಹೊಸದು ಹುಟ್ಟಿತೋ. ಫ್ನೊಮ್ ಬಾಖೆಂಗ್‌ನಲ್ಲಿ ದಿಬ್ಬ ಐದು ಹಂತದ್ದು. ನೆಲಮಟ್ಟ ಮತ್ತು ನೆತ್ತಿ ಸೇರಿಸಿ ಏಳು ಎನ್ನುತ್ತಾರೆ. ಮೆಕ್ಸಿಕೊದ ತೆಯೊತಿವಾಕಾನಿನ ಸೂರ್ಯ ಪಿರಮಿಡ್ಡಿನಲ್ಲಿ 20ನೇ ಶತಮಾನದ ಆರಂಭದಲ್ಲಿ ಲೆಯೊಪೋಲ್ದೊ ಬಾತ್ರೆಸ್ ಹೊರಪದರವನ್ನು ಕೆತ್ತಿ ತೆಗೆದು, ಮೂಲದಲ್ಲಿ ಇಲ್ಲದ ಹಂತವೊಂದನ್ನು ಉಳಿಸಿಹೋದ. ಎತ್ತರದ ಅಂಕಿಯಲ್ಲೂ ಇದೇ ಎಡವಟ್ಟು: ಎಲ್ ಕಾಸ್ತಿಯೊ 24 ಮೀಟರ್ ಎಂದರೂ 30 ಎಂದರೂ ಸರಿ, ಗುಡಿ ಸೇರಿದರೆ ಎರಡನೆಯದು.

3, 5, 7, 9 ಎಂಬ ಸಂಖ್ಯೆಗಳಿಗೆ ಅರ್ಥ ಇದೆಯೇ?

ಕೆಲವು ಕಡೆ ಸಂದೇಹಕ್ಕೆ ಎಡೆಯಿಲ್ಲ. ಬೀಜಿಂಗಿನ ವೃತ್ತಾಕಾರದ ವೇದಿಗೆ ಮೂರು ಹಂತ. ಮೇಲಿನ ನಡುಗಲ್ಲಿನ ಸುತ್ತ 9 ಚಪ್ಪಡಿ, ಅದರಾಚೆ 18, ಹೀಗೆ ಒಂಬತ್ತರ ಮಗ್ಗಿಯಲ್ಲಿ ಬೆಳೆದು ಮೂರನೇ ಹಂತದ 27ನೇ ವರ್ತುಲದಲ್ಲಿ 243. ಕೂಡಿದರೆ ನಡುಗಲ್ಲು ಬಿಟ್ಟು 3,402. ಇಂಥ ಲೆಕ್ಕ ಆಕಸ್ಮಿಕವಾಗಿ ಬರುವುದಿಲ್ಲ. ಇಸ್ರೇಲಿನ ಹೈಫಾದಲ್ಲಿರುವ, ಬಹಾಯಿ ಧರ್ಮದವರ ತೋಟದ 19 ಹಂತಗಳೂ ಯೋಚಿಸಿಯೇ ಮಾಡಿದವು, ಅವು 2001ರಲ್ಲಿ ತೆರೆದವು. ಬೇರೆ ಕಡೆ, ಅದರಲ್ಲೂ ಅರ್ಧ ಹೂತುಹೋದ ದಿಬ್ಬಗಳಲ್ಲಿ, ಸಂಖ್ಯೆಯ ಮೇಲೆ ಸಿದ್ಧಾಂತ ಕಟ್ಟುವ ಮೊದಲು ಹಿಂದಿನ ಉತ್ತರವನ್ನು ಇನ್ನೊಮ್ಮೆ ಓದಿ.

ಇಷ್ಟು ದೂರದ ನಾಡುಗಳಲ್ಲಿ ಒಂದೇ ಆಕಾರ ಹೇಗೆ? ಒಬ್ಬರಿಂದ ಒಬ್ಬರು ಕಲಿತರೇ?

ನೆರೆಹೊರೆಯಲ್ಲಿ ಕಲಿತದ್ದು ಉಂಟು. ಮೆಸೊಪೊಟೇಮಿಯದಿಂದ ಎಲಾಮಿಗೆ, ಭಾರತದ ಮೇರು ಕಲ್ಪನೆ ಕಾಂಬೋಡಿಯ ಮತ್ತು ಜಾವಾಕ್ಕೆ ಹೋದದ್ದು ಸ್ಪಷ್ಟ. ಆದರೆ ಸಕ್ಕಾರಕ್ಕೂ ಟಿಕಾಲಿಗೂ ನಡುವೆ ಮೂರು ಸಾವಿರ ವರ್ಷ, ಒಂದು ಸಾಗರ. ಸಂಬಂಧ ತೋರಿಸುವ ಒಂದು ವಸ್ತುವೂ ಸಿಕ್ಕಿಲ್ಲ. ಯಂತ್ರವಿಲ್ಲದೆ ಎತ್ತರ ಮುಟ್ಟಬೇಕೆಂದರೆ ತಳ ಅಗಲ, ತುದಿ ಕಿರಿದು ಮಾಡುವುದಲ್ಲದೆ ಬೇರೆ ದಾರಿಯಿಲ್ಲ.

ಸುದ್ದಿಯಲ್ಲಿ ಬರುವ ಕೆಲವು ಹೆಸರುಗಳ ಬಗ್ಗೆ ಎಚ್ಚರ ಇರಲಿ. ಬೋಸ್ನಿಯಾದ ವಿಸೊಕೊ ‘ಪಿರಮಿಡ್’ ನೈಸರ್ಗಿಕ ಬೆಟ್ಟ. ಕ್ಯಾನರಿ ದ್ವೀಪದ ಗುಯಿಮಾರ್ ದಿಬ್ಬಗಳ ಉತ್ಖನನದಲ್ಲಿ ಸಿಕ್ಕಿದ್ದು 19ನೇ ಶತಮಾನದ ವಸ್ತುಗಳು; ಹೊಲ ಹಸನು ಮಾಡುವಾಗ ಆಯ್ದ ಕಲ್ಲನ್ನು ಅಚ್ಚುಕಟ್ಟಾಗಿ ಒಟ್ಟಿದ್ದಾರೆ. ಜಾವಾದ ಗುನುಂಗ್ ಪದಂಗ್ ನಿಜವಾದ ಪುರಾತನ ತಾಣವೇ, ಆದರೆ ಅದನ್ನು 25,000 ವರ್ಷ ಹಿಂದಕ್ಕೆ ಒಯ್ದ 2023ರ ಲೇಖನವನ್ನು ಪತ್ರಿಕೆ 2024ರಲ್ಲಿ ಹಿಂತೆಗೆದುಕೊಂಡಿತು. ಕಾಲ ಅಳೆದದ್ದು ಮಣ್ಣಿನದು, ಆ ಮಣ್ಣಿನಲ್ಲಿ ಮನುಷ್ಯನ ಕೆಲಸದ ಗುರುತು ಇರಲಿಲ್ಲ.

ಕೆಳಕ್ಕೆ ಇಳಿಯುವ ಹಂತದ ಸ್ಮಾರಕಗಳೂ ಇದರಲ್ಲಿ ಸೇರುತ್ತವೆಯೇ?

ಗುಜರಾತಿನ ಪಾಟಣದ ರಾಣಿ ಕಿ ವಾವ್ ಖಂಡಿತ ಸೇರುತ್ತದೆ: ಏಳು ಮಟ್ಟ, 64 ಮೀಟರ್ ಉದ್ದ, 20 ಮೀಟರ್ ಅಗಲ, 27 ಮೀಟರ್ ಆಳ. ತಲೆಕೆಳಗಾದ ದೇಗುಲದಂತೆ ಶಿಲ್ಪಗಳು ಇಳಿಯುತ್ತಾ ಹೋಗುತ್ತವೆ. ತಡೆಗೋಡೆಯ ಲೆಕ್ಕ ಇಲ್ಲೂ ಅದೇ, ಮಣ್ಣಿನ ತಳ್ಳು ಮಾತ್ರ ಹೊರಗಿನಿಂದ ಒಳಕ್ಕೆ. ಸರಸ್ವತಿ ನದಿಯ ಹೂಳು ತುಂಬಿ ಶತಮಾನಗಳ ಕಾಲ ಮುಚ್ಚಿಹೋಗಿದ್ದರಿಂದಲೇ ಶಿಲ್ಪಗಳು ಇಷ್ಟು ಚೆನ್ನಾಗಿ ಉಳಿದವು.

ಯಾವುದನ್ನು ಹತ್ತಬಹುದು? ಹತ್ತುವಾಗ ಏನು ನೋಡಿಕೊಳ್ಳಬೇಕು?

ಎಲ್ ಕಾಸ್ತಿಯೊ ಮತ್ತು ಟಿಕಾಲಿನ ಒಂದನೇ ದೇಗುಲಕ್ಕೆ ಹತ್ತಲು ಬಿಡುವುದಿಲ್ಲ. ಟಿಕಾಲಿನ ನಾಲ್ಕನೇ ದೇಗುಲಕ್ಕೂ ಕೋ ಕೇರಿಗೂ ಪಕ್ಕದಲ್ಲಿ ಮರದ ಮೆಟ್ಟಿಲು ಹಾಕಿದ್ದಾರೆ. ಆಂಗ್ಕೋರ್ ವಾಟ್‌ನ ಮೂರನೇ ಹಂತಕ್ಕೆ ಒಮ್ಮೆಗೆ ಸೀಮಿತ ಜನ, ಬೌದ್ಧರ ಪವಿತ್ರ ದಿನಗಳಲ್ಲಿ ಮುಚ್ಚಿರುತ್ತದೆ. ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಇಲ್ಲದಿದ್ದರೆ ಬಿಡುವುದಿಲ್ಲ. ಫ್ನೊಮ್ ಬಾಖೆಂಗ್‌ನಲ್ಲಿ ಒಮ್ಮೆಗೆ 300 ಜನ. ಸೂರ್ಯಾಸ್ತಕ್ಕೆ ಹೋಗುವವರು ಬಹಳ ಮುಂಚೆ ಸಾಲಿನಲ್ಲಿರಬೇಕು. ಬೊರೊಬುದುರಿನಲ್ಲಿ 2023ರಲ್ಲಿ ದಿನಕ್ಕೆ 1,200 ಜನರ ಮಿತಿ ಹಾಕಿದರು, ಹತ್ತಬೇಕಾದದ್ದು ಮಾರ್ಗದರ್ಶಿ ಜೊತೆಗೆ, ಅವರೇ ಕೊಡುವ ‘ಉಪಾನತ್’ ಎಂಬ ಹೆಣೆದ ಪಾದರಕ್ಷೆ ಹಾಕಿಕೊಂಡು; ಬೂಟಿನ ತಳಕ್ಕೆ ಅಂಟಿದ ಮರಳು ಮೆಟ್ಟಿಲುಗಳನ್ನು ಸವೆಸುತ್ತಿತ್ತು. ಇವೆಲ್ಲ ಬದಲಾಗುವ ನಿಯಮಗಳು, ಹೊರಡುವ ವಾರದಲ್ಲಿ ಮತ್ತೆ ವಿಚಾರಿಸಿ.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇಂಥ ಮೆಟ್ಟಿಲುಗಳಲ್ಲಿ ಎತ್ತರ ಹೆಚ್ಚು, ಪಾದ ಇಡುವ ಜಾಗ ಕಡಿಮೆ, ಅಂಚು ಸವೆದು ದುಂಡಾಗಿರುತ್ತದೆ. ಪಾದವನ್ನು ಅಡ್ಡವಾಗಿಟ್ಟು ಓರೆಯಾಗಿ ಇಳಿಯಿರಿ. ತೀರಾ ಕಡಿದಾದಲ್ಲಿ ಮುಖವನ್ನು ಕಲ್ಲಿನ ಕಡೆ ತಿರುಗಿಸಿ, ಏಣಿ ಇಳಿದಂತೆ ಇಳಿಯಿರಿ. ಕೈಗಳು ಖಾಲಿ ಇರಲಿ, ಫೋನ್ ಜೇಬಿನಲ್ಲಿರಲಿ. ಮಳೆ ಬಿದ್ದ ಮೊದಲ ಗಂಟೆ ಮರಳುಗಲ್ಲು, ಸುಣ್ಣಕಲ್ಲು ಎರಡೂ ಜಾರುತ್ತವೆ, ಪಾಚಿ ಹಿಡಿದ ಉತ್ತರದ ಬದಿ ಇನ್ನೂ ಹೆಚ್ಚು. ಹಂತದ ಅಂಚಿನ ಕಲ್ಲಿನ ಮೇಲೆ ಕೂರಬೇಡಿ: ಹೂರಣ ತೊಳೆದುಹೋಗಿದ್ದರೆ ಮೊದಲು ಸಡಿಲವಾಗುವುದು ಅದೇ ಸಾಲು.